ಗೊಂಬೆ ಕೂತ ಬಡಾವಣೆ

ಸರಸ್ವತಿ ಅದನ್ನು ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಪಕ್ಕದ ಮನೆಯ ಈಶ್ವರಮ್ಮ ಬಂದು, ಗೊಂಬೆ ಕೂರಿಸುತ್ತಿದ್ದೇನೆ, ಪುಟ್ಟ ಮನೆಗಳೇನಾದರೂ ಇದ್ದರೆ ಕೊಡಿ ಎಂದರು. ವರಾಂಡದ ಮೇಜಿನ ಮೇಲೆ ನಲವತ್ತು ಪುಟ್ಟ ಮನೆಗಳು ಮೂರು ತಿಂಗಳಿಂದ ಧೂಳು ಕುಡಿಯುತ್ತಾ ನಿಂತಿದ್ದವು. ಗಂಡ ಚಕ್ರಪಾಣಿ ಪದ್ಮನಾಭನಗರಕ್ಕೆ ನಕ್ಷೆಯ ಪ್ರಿಂಟ್ ಹಾಕಿಸಲು ಹೋಗಿದ್ದರು. ಕೇಳಲು ಯಾರೂ ಇಲ್ಲದ್ದರಿಂದ ಸರಸ್ವತಿ ಹಲಗೆ ಸಮೇತ ಎತ್ತಿಕೊಟ್ಟರು.

ಚಕ್ರಪಾಣಿ ಬನಶಂಕರಿಯ ಆರ್ಕಿಟೆಕ್ಟು. ಥರ್ಟಿ-ಫಾರ್ಟಿ ಸೈಟಿನಲ್ಲಿ ನಾಲ್ಕು ಬಾಡಿಗೆ ಮನೆ ತುರುಕುವುದರಲ್ಲೇ ಪಾಪ ಮೂವತ್ತು ವರ್ಷ ಸವೆದಿತ್ತು. ಈಗ ಕರಾವಳಿಯ ಒಂದು ಪುರಸಭೆ, ಏರುತ್ತಿರುವ ಕಡಲಿನ ಜೊತೆ ಬಾಳಬಲ್ಲಂಥ ಬಡಾವಣೆಗೆ ನಕ್ಷೆ ಕರೆದಿತ್ತು. ವರಾಂಡದ ಆ ಮನೆಗಳು ಅದರದ್ದೇ ಮಾದರಿ, ಚಕ್ರಪಾಣಿ ಜೀವ ತೇದು ಮಾಡಿದ್ದರು. ಕಂಬಗಳ ಮೇಲೆ ಮನೆ, ಕೆಳಗೆ ನೀರು ಬಂದು ಹೋಗಲು ಖಾಲಿ ಜಾಗ, ಮನೆಯಿಂದ ಮನೆಗೆ ಸೇತುವೆ. ಸಾಯುವುದರೊಳಗೆ ಒಂದು ಊರನ್ನಾದರೂ ನಾನೇ ಕಟ್ಟಿದೆ ಅನ್ನಿಸಿಕೊಳ್ಳಬೇಕೆಂಬುದು ಅವರ ಆಸೆ. ಸಮಿತಿಯವರು ಜಯನಗರದ ಹೋಟೆಲಿಗೆ ಬಂದಿಳಿದಿದ್ದರು. ಸಂಜೆ ನಾಲ್ಕಕ್ಕೆ ಮಾದರಿ ತೋರಿಸಬೇಕು, ರಾತ್ರಿಯ ಬಸ್ಸಿಗೆ ಅವರು ವಾಪಸ್ಸು.

ಹನ್ನೊಂದು ಗಂಟೆಗೆ ಮನೆಗೆ ಬಂದವರು ಖಾಲಿ ಮೇಜು ನೋಡಿದರು, ಹೆಂಡತಿಯ ಮಾತು ಅರ್ಧ ಕೇಳಿಸಿಕೊಂಡರು, ಚಪ್ಪಲಿ ಬಿಟ್ಟು ಪಕ್ಕದ ಮನೆಗೆ ಓಡಿದರು. ಅಷ್ಟರಲ್ಲಿ ಬಡಾವಣೆಯ ನಟ್ಟನಡುವೆ ರಾಜರಾಣಿಯ ಪಟ್ಟದ ಗೊಂಬೆಗಳು ಕೂತು, ಮಂಗಳಾರತಿಯೂ ಮುಗಿದಿತ್ತು.

"ಪೂಜೆ ಆಗೋಯ್ತಲ್ಲ ಚಕ್ರಪಾಣಿಯವರೇ," ಎಂದರು ಈಶ್ವರಮ್ಮ. "ಪಟ್ಟದ ಗೊಂಬೆ ಕೂತ ಮೇಲೆ ವಿಜಯದಶಮಿವರೆಗೂ ಅಲ್ಲಾಡ್ಸೋ ಹಾಗಿಲ್ಲ."

ಈಶ್ವರಮ್ಮ ರಿಟೈರ್ಡ್ ಹೆಡ್‌ಮಿಸ್ಸು. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡ ದಾಖಲೆಯೇ ಇಲ್ಲ. ಚಕ್ರಪಾಣಿ ಅಂಗಲಾಚಿದರು, ಸಂಜೆ ಏಳಕ್ಕೆ ವಾಪಸ್ ತಂದಿಡುತ್ತೇನೆಂದು ಆಣೆ ಹಾಕಿದರು. ಕೊನೆಗೆ ಹಲಗೆಯ ಒಂದು ಮೂಲೆಗೆ ಕೈ ಹಾಕಿಯೇಬಿಟ್ಟರು. ರಾಜ ವಾಲಿದ. ಗೊಂಬೆ ನೋಡಲು ಬಂದಿದ್ದ ಹೆಂಗಸರು ಶಿವ ಶಿವಾ ಎಂದರು. ಎದುರು ಬಿಲ್ಡಿಂಗಿನ ಓನರ್ ತಿಮ್ಮರಾಯಪ್ಪ ಎದ್ದು ಬಂದು ಚಕ್ರಪಾಣಿಯ ಕೈ ಹಿಡಿದುಕೊಂಡರು. ಹಿಡಿದುಕೊಂಡೇ ಮಾದರಿಯತ್ತ ಬಗ್ಗಿ ನೋಡಿದರು.

"ಏನ್ ಸಾರ್, ಕೆಳಗಡೆ ಪೂರ್ತಿ ಖಾಲಿ ಬಿಟ್ಬಿಟ್ಟಿದ್ದೀರಾ. ಗೋಡೆ ಎತ್ತಿ, ಎರಡೆರಡು ಅಂಗಡಿ ಮಾಡಿ ಬಾಡಿಗೆಗೆ ಕೊಡಿ."

ಅಲ್ಲಿಗೆ ಸಮುದ್ರ ಬರುತ್ತದೆ ಎಂದು ಚಕ್ರಪಾಣಿ ಹಲ್ಲು ಕಚ್ಚಿಕೊಂಡು ಹೇಳಿದರು.

"ಬರ್ಲಿ ಬಿಡಿ, ನಾವು ಅಡ್ವಾನ್ಸ್ ಮೊದಲೇ ಇಸ್ಕೊಂಡಿರ್ತೀವಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲಿ ಕೂರುತ್ತಿದ್ದರು. ಚಕ್ರಪಾಣಿ ಹಟಮಾರಿ. ಮಾದರಿ ಸಮಿತಿಯ ಹತ್ತಿರ ಹೋಗದಿದ್ದರೆ ಸಮಿತಿಯೇ ಮಾದರಿಯ ಹತ್ತಿರ ಬರಲಿ ಎಂದು ತೀರ್ಮಾನಿಸಿ, ಹೋಟೆಲಿಗೆ ಆರು ಸಲ ಫೋನ್ ಮಾಡಿ ಒಪ್ಪಿಸಿಯೇಬಿಟ್ಟರು.

ಇನ್ನು ಉಳಿದದ್ದು ಈಶ್ವರಮ್ಮನ ಕೈವಾಡ. ಆ ಮಹಾತಾಯಿ ಬರೀ ಗೊಂಬೆ ಕೂರಿಸಿ ಸುಮ್ಮನಾಗಿರಲಿಲ್ಲ. ದಿನಸಿ ಮಾರುವ ಶೆಟ್ಟಿ ಗೊಂಬೆಯನ್ನು ಅಂಗಡಿ ಸಮೇತ ಮಹಡಿಗೆ ಹತ್ತಿಸಿದ್ದರು. ಹೊಸಕೆರೆಹಳ್ಳಿಯ ತಂಗಿಯ ಮನೆಗೆ ಮಳೆನೀರು ನುಗ್ಗಿದಾಗ ಮೊದಲು ಹಾಳಾದದ್ದು ಅಕ್ಕಿ ಮೂಟೆಯಂತೆ. ಮನೆಮನೆಯ ಮೆಟ್ಟಿಲಿಗೂ ಬೆಂಕಿಪೊಟ್ಟಣದ ದೋಣಿ ಕಟ್ಟಿದ್ದರು. ಮುದುಕ ಮುದುಕಿ ಗೊಂಬೆಗಳನ್ನೆಲ್ಲ ನಡುವಿನ ಒಂದೇ ತಾರಸಿಗೆ ಸೇರಿಸಿ, ಪಕ್ಕದಲ್ಲಿ ಒಲೆ ಇಟ್ಟಿದ್ದರು. ಗಾಳಿ ಆಡಲೆಂದು ಲೆಕ್ಕ ಹಾಕಿ ಬಿಟ್ಟ ತಾರಸಿ ಅದು. ಈಶ್ವರಮ್ಮ ಅಡುಗೆಮನೆಗೆ ಹೋದಾಗಲೆಲ್ಲ ಚಕ್ರಪಾಣಿ ಶೆಟ್ಟಿಯನ್ನು ಕೆಳಗಿಳಿಸುತ್ತಿದ್ದರು. ಆಕೆ ಬಂದು ಮತ್ತೆ ಮೇಲಿಡುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಶೆಟ್ಟಿಯ ಮೂಗಿನ ಬಣ್ಣ ಹೋಗಿತ್ತು, ಅಂಗಡಿ ಮಹಡಿಯ ಮೇಲೆಯೇ ಇತ್ತು.

ಸಮಿತಿಯ ಮೂವರೂ ಬಂದರು. ಅವರಿಗೂ ಕೋಸಂಬರಿ ಸಿಕ್ಕಿತು. ಒಂದು ಮೂಲೆಯಲ್ಲಿ ಹೆಂಗಸರು ದೇವರನಾಮ ಎತ್ತಿಕೊಂಡರೆ ಇನ್ನೊಂದು ಮೂಲೆಯಲ್ಲಿ ಚಕ್ರಪಾಣಿ ಅದಕ್ಕಿಂತ ಎತ್ತರದ ದನಿಯಲ್ಲಿ ಕಡಲಿನ ಮಟ್ಟ, ಕಂಬದ ಅಳತೆ, ಉಬ್ಬರದ ಲೆಕ್ಕ ವಿವರಿಸಿದರು. ಬೆವರು ಇಳಿಯಿತೇ ಹೊರತು ದನಿ ಇಳಿಯಲಿಲ್ಲ. ಸಮಿತಿಯ ಅಧ್ಯಕ್ಷೆ ಬೆಸ್ತರ ಕೇರಿಯಲ್ಲೇ ಹುಟ್ಟಿ ಬೆಳೆದವರು. ನೆಲದ ಮೇಲೆ ಕೂತು ಮಾದರಿಯನ್ನು ಬಹಳ ಹೊತ್ತು ನೋಡಿದರು.

"ಈ ಅಂಗಡಿ ಮೇಲೆ ಯಾಕೆ? ಈ ದೋಣಿ, ಈ ಅಜ್ಜ ಅಜ್ಜಿಯರು, ಒಲೆ, ಇದೆಲ್ಲ ಎಂತದು?"

ಮೂವತ್ತು ವರ್ಷಕ್ಕೊಮ್ಮೆ ಸಿಕ್ಕ ಅವಕಾಶ ಈ ಗೊಂಬೆಗಳಿಂದ ಹೋಗಬಾರದು.

"ಅದ್ಯಾವುದೂ ನಂದಲ್ಲ ಮೇಡಂ," ಎಂದರು ಚಕ್ರಪಾಣಿ ಖಡಾಖಂಡಿತವಾಗಿ. "ಒಂದೂ ನಂದಲ್ಲ. ಎಲ್ಲಾ ಈ ಈಶ್ವರಮ್ಮನವರ ಕೆಲಸ. ಬೇಕಾದ್ರೆ ಬರ್ಕೊಡ್ತೀನಿ."

"ಬರೆದುಕೊಡಿ," ಎಂದರು ಅಧ್ಯಕ್ಷೆ. ಚಕ್ರಪಾಣಿ ಪ್ರಿಂಟಿನ ಹಿಂಬದಿಯಲ್ಲಿ ಬರೆದು ಸಹಿಯನ್ನೂ ಹಾಕಿಕೊಟ್ಟರು. ಅಧ್ಯಕ್ಷೆ ಅದನ್ನು ಓದಿ ಜೋಪಾನವಾಗಿ ಬ್ಯಾಗಿಗೆ ಸೇರಿಸಿದರು.

"ಹನ್ನೊಂದು ಜನ ಆರ್ಕಿಟೆಕ್ಟರು ನಮಗೆ ಬರೀ ಮನೆ ತೋರಿಸಿದ್ರು ಮಾರಾಯ್ರೆ. ನೀರು ಬಂದಾಗ ಅಕ್ಕಿ ಎಲ್ಲಿ ಇಡುವುದು, ಅಜ್ಜಿಗೆ ಗಂಜಿ ಎಲ್ಲಿ ಬೇಯಿಸುವುದು ಅಂತ ಯೋಚನೆ ಮಾಡಿದವರು ಇವರೊಬ್ಬರೇ. ಬಡಾವಣೆ ಈಶ್ವರಮ್ಮನವರು ಹೇಳಿದ ಹಾಗೆ ಆಗಲಿ. ನೀವು ಅವರ ಕೈಕೆಳಗೆ ಗೆರೆ ಎಳೆದುಕೊಡಿ."

ದೇವರನಾಮ ಮುಗಿದಿತ್ತು. ಈಶ್ವರಮ್ಮ ಸಮಿತಿಯವರನ್ನು ಗೇಟಿನವರೆಗೆ ಕಳಿಸಿಕೊಟ್ಟು ಬಂದು, ಹಳೆಯ ವಿದ್ಯಾರ್ಥಿಯನ್ನು ನೋಡುವಂತೆ ಚಕ್ರಪಾಣಿಯನ್ನು ನೋಡಿದರು.

"ಬೆಳಿಗ್ಗೆ ಹತ್ತಕ್ಕೆಲ್ಲ ಬಂದ್ಬಿಡಿ ಚಕ್ರಪಾಣಿಯವರೇ. ಬರ್ತಾ ಒಂದು ದೊಡ್ಡ ರಬ್ಬರ್ ತನ್ನಿ, ಅಳಿಸೋದು ಸುಮಾರಿದೆ."