ಪಿಸ್ತೂಲಿನ ಮಾಲೀಕಳಿಗೆ ನೆಗಡಿ

ಹೆಂಡತಿಗೆ ಹೆದರುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹೆದರಿಕೆಗೆ ಸರ್ಕಾರದ ಲೈಸೆನ್ಸ್ ಸಮೇತ ಕಾರಣ ಇರುವವನು ನಮ್ಮ ಬೀದಿಯಲ್ಲಿ ನಾನೊಬ್ಬನೇ. ನನ್ನಾಕೆ ಹಗಲು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಸಂಜೆ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲಿನ ಗುರಿಗಾರ್ತಿ (ಇಂಥ ಪದ ನಿಘಂಟಿನಲ್ಲಿದೆಯೋ ಇಲ್ಲವೋ, ನಮ್ಮ ಮನೆಯಲ್ಲಂತೂ ಇದೆ). ಲೈಸೆನ್ಸ್ ಅವಳದು, ಪಿಸ್ತೂಲು ಅವಳದು, ಗೋಡೆಯ ಮೇಲಿನ ಪದಕಗಳೂ ಅವಳವೇ. ಆ ಪದಕಗಳ ಧೂಳು ಒರೆಸುವ ಮಹತ್ಕಾರ್ಯ ಮಾತ್ರ ನನ್ನ ಪಾಲಿನದು.

ನಾನು ಗಡಿಯಾರ ರಿಪೇರಿಯವನು. ಒಂದು ಮಹಡಿ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಅಂಗಡಿ. ದಿನವಿಡೀ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ಗುರುತು ಬಿದ್ದಿದೆ. ನನಗೊಂದು ಜಂಬವಿದೆ, ಮುಚ್ಚುಮರೆ ಏಕೆ? ಉಗುರಿಗಿಂತ ಚಿಕ್ಕ ಸ್ಕ್ರೂ ಇರುವ ಯಾವ ವಸ್ತುವಾದರೂ ಸರಿ, ಅದು ನನ್ನ ಮಾತು ಕೇಳುತ್ತದೆ. ಮನೆಯಲ್ಲಿ ನನ್ನ ಮಾತು ಕೇಳುವವರು ಬೇರೆ ಯಾರೂ ಇಲ್ಲದಿರುವುದರಿಂದ ಈ ಜಂಬವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನಮ್ಮ ಕ್ಲಬ್ಬಿನಿಂದ ದೊಡ್ಡ ಪಂದ್ಯಕ್ಕೆ ಒಬ್ಬಳೇ ಹೆಂಗಸನ್ನು ಕಳಿಸುತ್ತಾರೆ. ಹೋದ ವರ್ಷ ಕೂದಲೆಳೆಯ ಅಂತರದಲ್ಲಿ ಹಲ್ಲಿನ ಡಾಕ್ಟರಮ್ಮ ಆಯ್ಕೆಯಾದರು. ನನ್ನಾಕೆ ಮನೆಗೆ ಬಂದವಳು ನೇರ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಕೇಳಿದ್ದೆ. ಅವತ್ತಿನಿಂದ ಅವಳು ಅಡುಗೆಮನೆಯಲ್ಲಿ ನೀರು ತುಂಬಿದ ಕೆಟಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನಿಲ್ಲುವುದನ್ನು ಬಿಟ್ಟಿಲ್ಲ. (ಕೆಟಲಿನ ಮೂತಿ ಸಾಮಾನ್ಯವಾಗಿ ನನ್ನ ಕಡೆಗೇ ಇರುತ್ತದೆ.) ಈ ಸಲದ ಆಯ್ಕೆಗೆ ಒಂದು ವಾರ ಉಳಿದಿತ್ತು.

"ಟ್ರಿಗರ್ ಯಾಕೋ ಗಟ್ಟಿ ರೀ," ಎಂದಳು ಒಂದು ಬೆಳಿಗ್ಗೆ, ಕೆಟಲು ಹಿಡಿದುಕೊಂಡೇ. "ಎಳೆಯುವಾಗ ಕೈ ಅಲ್ಲಾಡುತ್ತೆ. ಪಂದ್ಯ ಮುಗೀಲಿ, ಕಂಪನಿಯವರಿಗೆ ತೋರಿಸ್ತೀನಿ."

"ಕಂಪನಿ ಯಾಕೆ? ನಾನಿಲ್ವಾ?"

"ನೀವಿದ್ದೀರಿ ಅಂತಲೇ ಭಯ. ಮುಟ್ಟೀರಿ, ಜೋಕೆ!"

ಇಷ್ಟು ಹೇಳಿ ಸ್ಕೂಲಿಗೆ ಹೋದಳು. ಮುಟ್ಟಬೇಡ ಎಂದರೆ ಗಂಡಸಿನ ಕೈ ಎಷ್ಟು ಹೊತ್ತು ಸುಮ್ಮನಿರುತ್ತದೆ? ಸದ್ದಿಲ್ಲದೆ ಸರಿಮಾಡಿಟ್ಟು, ಗೆದ್ದು ಬಂದಾಗ "ಆ ಗೆಲುವಿನ ಹಿಂದೆ ಯಾರಿದ್ದರು ಗೊತ್ತೇನೇ?" ಎಂದು ಕೇಳುವ ಸನ್ನಿವೇಶ ಕಣ್ಣಿಗೆ ಕಟ್ಟಿತು. ಪುಣ್ಯಕ್ಕೆ ಗುಂಡುಗಳೆಲ್ಲ ಕ್ಲಬ್ಬಿನ ಕಪಾಟಿನಲ್ಲಿರುತ್ತವೆ. ಮನೆಯಲ್ಲಿರುವುದು ಬರೀ ಪಿಸ್ತೂಲು ಮತ್ತು ಬೈಗುಳ. ಬೀರುವಿನ ಕೀಲಿ ಎಲ್ಲಿದೆಯೆಂದು ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬಿಳಿ ಬಟ್ಟೆ ಹಾಸಿದೆ, ಭೂತಗನ್ನಡಿ ಸಿಕ್ಕಿಸಿದೆ, ಅಕ್ಷರಶಃ ಶಸ್ತ್ರಚಿಕಿತ್ಸೆ ಶುರುಮಾಡಿದೆ.

ಬಿಚ್ಚುವುದು ಎಂಥ ಸೊಗಸಾಗಿ ನಡೆಯಿತು ಎನ್ನುತ್ತೀರಿ! ಒಂದೊಂದೇ ಭಾಗವನ್ನು ಸಾಲಾಗಿ ಜೋಡಿಸಿ, ಒರೆಸಿ, ಒಂದೊಂದು ಹನಿ ಗಡಿಯಾರದ ಎಣ್ಣೆ ತೋರಿಸಿ, ಮತ್ತೆ ಕೂಡಿಸಿದೆ. ಕೊನೆಯ ಸ್ಕ್ರೂ ತಿರುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ ಬಿಳಿ ಬಟ್ಟೆಯ ಮೇಲೆ ಒಂದು ಪುಟಾಣಿ ಸ್ಪ್ರಿಂಗು ನನ್ನನ್ನೇ ನೋಡುತ್ತ ಮಲಗಿತ್ತು. ಟ್ರಿಗರ್ ಹಗುರವಾಗಿದ್ದುದು ನಿಜ. ಎಷ್ಟು ಹಗುರವೆಂದರೆ, ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟರೆ ತನ್ನಷ್ಟಕ್ಕೆ 'ಟಿಕ್' ಎನ್ನುತ್ತಿತ್ತು. ಎತ್ತಿದರೆ ಇನ್ನೊಂದು 'ಟಿಕ್'. ಹುಟ್ಟುಗುಣ ನೋಡಿ, ಪಿಸ್ತೂಲನ್ನು ಗಡಿಯಾರ ಮಾಡಿಬಿಟ್ಟಿದ್ದೆ! ಮತ್ತೆ ಬಿಚ್ಚೋಣವೆಂದರೆ ಗಾಬರಿಯಲ್ಲಿ ತಿರುಗಿಸಿ ಸ್ಕ್ರೂವಿನ ತಲೆಯೇ ಸವೆದುಹೋಯಿತು. ಅದನ್ನು ಹಾಗೇ ಬೀರುವಿನಲ್ಲಿಟ್ಟು ಬೀಗ ಹಾಕಿ, ಪಿಸ್ತೂಲಿನ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಕಂಪನಿಯ ಫೋನ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಅಂಗಡಿಗೆ ಓಡಿದೆ.

ನಂಬರಿನ ಪಕ್ಕದಲ್ಲೇ 'ಆಜೀವ ವಾರಂಟಿ' ಎಂದು ಚಿನ್ನದ ಅಕ್ಷರಗಳಲ್ಲಿತ್ತು. ಯಾರ ಜೀವ ಎಂದು ಬರೆದಿರಲಿಲ್ಲ. ನನ್ನ ಜೀವದ ಲೆಕ್ಕವಾದರೆ, ಅವಳಿಗೆ ವಿಷಯ ತಿಳಿದ ಕ್ಷಣಕ್ಕೆ ವಾರಂಟಿ ಮುಗಿದಂತೆಯೇ. ಅದರ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ 'ಕಂಪನಿಯವರಲ್ಲದೆ ಬೇರೆ ಯಾರೇ ಬಿಚ್ಚಿದರೂ ವಾರಂಟಿ ರದ್ದು' ಎಂದಿತ್ತು.

ಅಂಗಡಿಯಲ್ಲಿ ಆಗಲೇ ಒಬ್ಬ ಮೀಸೆಯ ಗಿರಾಕಿ ಕಾದಿದ್ದ. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ ಕೈಗಡಿಯಾರ ಬಿಚ್ಚಿಹೋಗಿತ್ತು.

"ಯಾರು ಬಿಚ್ಚಿದ್ದು?" ಎಂದೆ ಅಭ್ಯಾಸಬಲದಿಂದ.

"ಯಾರೂ ಇಲ್ಲ ಸ್ವಾಮಿ. ಇಟ್ಟಲ್ಲೇ ಬಿಚ್ಕೊಂಡ್ಬಿಡ್ತು."

"ಇಟ್ಟಲ್ಲೇ ಬಿಚ್ಕೊಳ್ಳೋಕೆ ಅದೇನು ಹೂವೇನ್ರೀ? ನಿಮ್ಮಂಥವರು ಬಿಚ್ಚಿದ್ದಕ್ಕೆಲ್ಲ ನಾನು ಜವಾಬ್ದಾರಿ ತಗೊಳ್ಳಲ್ಲ. ಅಲ್ಲಿ ಕೂತಿರಿ," ಎಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಂಪನಿಗೆ ಫೋನ್ ಹಚ್ಚಿದೆ. ಎರಡು ಪಲ್ಲವಿ, ಒಂದು ಚರಣದಷ್ಟು ಸಂಗೀತವಾದ ಮೇಲೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಹೆಸರಲ್ಲ, ಊರಲ್ಲ, ಅವಳು ಮೊದಲು ಕೇಳಿದ್ದೇ ಬೇರೆ.

"ನಮಸ್ಕಾರ ಸರ್. ಪಿಸ್ತೂಲಿನಲ್ಲಿ ಗುಂಡಿಲ್ಲ ತಾನೇ?"

"ಅದರಲ್ಲಿ ಗುಂಡಿಲ್ಲಮ್ಮ, ನನ್ನಲ್ಲಿ ಗುಂಡಿಗೆ ಇಲ್ಲ."

"ಏನು ತೊಂದರೆ ಹೇಳಿ."

"ಟ್ರಿಗರ್ ಹಗುರ ಆಗ್ಬಿಟ್ಟಿದೆ. ಅದರಷ್ಟಕ್ಕೆ ಅದೇ."

"ಅದರಷ್ಟಕ್ಕೆ ಅದೇ?"

"ಹೂಂ. ಒಳಗಿನ ಒಂದು ಸ್ಪ್ರಿಂಗು ಕೂಡ ಅದರಷ್ಟಕ್ಕೆ ಅದೇ ಆಚೆ ಬಂದಿದೆ."

"ಸ್ಕ್ರೂ ಹಾಕಿ ಮುಚ್ಚಿರೋ ಪಿಸ್ತೂಲಿನಿಂದ?"

"ಅದೇ ನನಗೂ ಆಶ್ಚರ್ಯ ನೋಡಮ್ಮ!"

ಸ್ಟೂಲಿನ ಮೇಲಿದ್ದ ಮೀಸೆಯವನು ನನ್ನನ್ನೇ ಗಮನವಿಟ್ಟು ನೋಡತೊಡಗಿದ. ನಾನು ಗೋಡೆಯ ಕಡೆ ತಿರುಗಿದೆ. ಅವಳು, ಪಿಸ್ತೂಲು ಯಾರ ಹೆಸರಿನಲ್ಲಿದೆ ಎಂದು ಕೇಳಿದಳು. ಮನೆಯವಳ ಹೆಸರಿನಲ್ಲಿ ಎಂದು, ಅವಳ ಹೆಸರು, ಕ್ಲಬ್ಬಿನ ಹೆಸರು ಎರಡನ್ನೂ ಹೇಳಿದೆ.

"ಹಾಗಿದ್ರೆ ಮೇಡಂ ಅವರೇ ಮಾತಾಡ್ಬೇಕು ಸರ್. ಮಾಲೀಕರ ಧ್ವನಿ ರೆಕಾರ್ಡ್ ಆಗ್ದೆ ದೂರು ತಗೊಳ್ಳೋ ಹಾಗಿಲ್ಲ."

ಮುಳುಗುವವನಿಗೆ ಮಾನ ಮರ್ಯಾದೆ ಎಲ್ಲಿಯದು? "ಇರಿ, ಕರೀತೀನಿ," ಎಂದವನೇ "ಲೇ ಇವಳೇ, ಫೋನು ನೋಡೇ!" ಎಂದು ಕೂಗಿ, ಕೂತಲ್ಲೇ ಚಪ್ಪಲಿ ಸದ್ದು ಮಾಡಿ, ಕಂಠವನ್ನು ಆದಷ್ಟು ಹಿಂಡಿ, "ಹಲೋ, ನಾನೇ ಕಣಮ್ಮಾ, ಪಿಸ್ತೂಲಿನ ಮಾಲೀಕಳು," ಎಂದೆ. ಮೀಸೆಯವನು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಆ ಕಡೆಯಿಂದ ಕೆಮ್ಮಿದಂಥ ಸದ್ದಾಯಿತು. (ಅದು ಕೆಮ್ಮಲ್ಲವೆಂದು ಈಗ ಗೊತ್ತು.)

"ಮೇಡಂಗೆ ನೆಗಡೀನಾ?"

"ಹೂಂ ಕಣಮ್ಮಾ, ಸಿಕ್ಕಾಪಟ್ಟೆ ನೆಗಡಿ."

"ನಿಮ್ಮ ಯಜಮಾನ್ರೇನಾದ್ರೂ ಪಿಸ್ತೂಲು ಮುಟ್ಟಿದ್ರಾ?"

"ಯಾರು, ನಮ್ಮೆಜಮಾನ್ರಾ? ಅಯ್ಯೋ, ಅವರು ಬಹಳ ಬುದ್ಧಿವಂತರು ಕಣಮ್ಮಾ. ನನ್ನ ಪಿಸ್ತೂಲು ಮುಟ್ಟೋದೇ ಇಲ್ಲ." (ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಕೇಳದ ಹೊಗಳಿಕೆ. ಬಾಯಿ ನನ್ನದೇ ಇದ್ದಾಗ ಬಿಡುವುದುಂಟೆ?)

"ಸರಿ ಮೇಡಂ. ಮತ್ತೆ ಯಾವಾಗ ಅದನ್ನ ಉಪಯೋಗಿಸ್ತೀರಿ?"

"ನಾಳೆ ಸಂಜೆ ಕ್ಲಬ್ಬಲ್ಲಿ ಪ್ರಾಕ್ಟೀಸ್ ಮಾಡ್ತಾಳೆ... ಮಾಡ್ತೀನಿ."

ಅವಳ ಧ್ವನಿಯಲ್ಲಿದ್ದ ನಗು ಪಟ್ಟನೆ ಹೋಯಿತು. "ಈಗ ನಾನು ಹೇಳೋದು ಕೇಳಿ. ಯಾರು ಬಿಚ್ಚಿದ್ರು ಅಂತ ನಾನು ಕೇಳಲ್ಲ. ಈ ಸ್ಥಿತಿಯಲ್ಲಿ ಗುಂಡು ತುಂಬಿದ್ರೆ, ಟ್ರಿಗರ್ ಎಳೆಯೋಕೆ ಮುಂಚೇನೇ ಹಾರಿಬಿಡಬಹುದು. ಕೈಗೆ ತಗಲುತ್ತೋ, ಪಕ್ಕದವರಿಗೆ ತಗಲುತ್ತೋ, ಹೇಳೋಕಾಗಲ್ಲ."

ಅಲ್ಲಿಯವರೆಗೆ ನಾನು ಹೆದರಿದ್ದು ನನ್ನಾಕೆಯ ಬಾಯಿಗೆ ಮಾತ್ರ. ಅವಳ ಕೈಗೆ ಏನಾದರೂ ಆದೀತೆಂಬ ಯೋಚನೆಯೇ ನನ್ನ ಬುದ್ಧಿವಂತ ತಲೆಗೆ ಹೊಳೆದಿರಲಿಲ್ಲ. ಆ ಕೆಟಲು ಹಿಡಿದ ಕೈ ಕಣ್ಣಮುಂದೆ ಬಂತು.

"ಏನ್ ಮಾಡ್ಲಮ್ಮ ಈಗ?" ಎಂದೆ. ಧ್ವನಿ ಹಿಂಡುವುದು ಮರೆತೇಹೋಗಿತ್ತು.

"ನೆಗಡಿ ವಾಸಿಯಾದ ಹಾಗಿದೆ ಮೇಡಂ," ಎಂದಳು ಆ ಪುಣ್ಯಾತ್ಗಿತ್ತಿ, ಸ್ವಲ್ಪವೂ ನಗದೆ. "ಯಜಮಾನ್ರಿಗೆ ಗಾಬರಿ ಬೇಡ ಅಂತ ಹೇಳಿ. ದೊಡ್ಡ ಪಂದ್ಯಗಳಿಗೆ ಮುಂಚೆ ನಮ್ಮ ಮೆಕ್ಯಾನಿಕ್ ಕ್ಲಬ್ಬುಗಳಿಗೆ ಹೋಗಿ ಎಲ್ಲರ ಪಿಸ್ತೂಲೂ ಪುಕ್ಕಟೆಯಾಗಿ ನೋಡಿಕೊಡ್ತಾರೆ. ನಿಮ್ಮ ಕ್ಲಬ್ಬನ್ನೇ ಮೊದಲು ಹಾಕಿಸ್ತೀನಿ. ಅವರು ಬರೋವರೆಗೂ ಅದನ್ನ ಮುಟ್ಟಬೇಡಿ ಅಂತ ಮೇಡಂಗೆ ಈಗಲೇ ಫೋನ್ ಮಾಡಿ ಹೇಳ್ತೀನಿ. ಅಂದ್ರೆ, ನಿಮಗೇ. ನಮ್ಮ ಹತ್ತಿರ ಇರೋ ನಿಮ್ಮ ಇನ್ನೊಂದು ನಂಬರಿಗೆ."

ಇಷ್ಟು ವರ್ಷ ಈ ಸ್ಟೂಲಿನ ಮೇಲೆ ಕೂತವರನ್ನೆಲ್ಲ "ನೀವೇ ಬಿಚ್ಚಿದ್ದು, ಒಪ್ಕೊಳ್ಳಿ" ಎಂದು ಪೀಡಿಸಿ ಒಪ್ಪಿಸಿಯೇ ಬಿಟ್ಟವನು ನಾನು. ಕಂಡಿಲ್ಲ ಕೇಳಿಲ್ಲದ ಒಬ್ಬ ಹೆಣ್ಣುಮಗಳು ನನ್ನ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡು, ನನ್ನ ಹೆಂಡತಿಯ ಕೈಯನ್ನೂ ನನ್ನ ಮಾನವನ್ನೂ ಒಟ್ಟಿಗೆ ಉಳಿಸಿದ್ದಳು. "ನಿನ್ನ ಹೊಟ್ಟೆ ತಣ್ಣಗಿರಲಮ್ಮ," ಎಂದು ಎರಡೂ ಧ್ವನಿಗಳಲ್ಲಿ ಹೇಳಿ ಫೋನ್ ಇಟ್ಟೆ. ಮೀಸೆಯವನ ಗಡಿಯಾರವನ್ನು ಅಲ್ಲೇ ಕೂಡಿಸಿ, ಕಾಸು ಬೇಡವೆಂದೆ. ಯಾಕೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಯಾವ ಧ್ವನಿಯಲ್ಲಿ ಉತ್ತರ ಕೊಡಬೇಕೆಂದು ನನಗೂ ತಿಳಿಯುತ್ತಿರಲಿಲ್ಲ.

ಸಂಜೆ ಮನೆಗೆ ಬಂದ ನನ್ನಾಕೆಯ ಮುಖದಲ್ಲಿ ಕಳೆಯೋ ಕಳೆ.

"ಕಂಪನಿಯವರೇ ಫೋನ್ ಮಾಡಿದ್ರು ರೀ! 'ಮೆಕ್ಯಾನಿಕ್ ಬರ್ತಾರೆ, ಅಲ್ಲೀವರೆಗೂ ಪಿಸ್ತೂಲು ಮುಟ್ಟಬೇಡಿ ಮೇಡಂ' ಅಂದ್ರು. ಮಾರಿದ ಮೇಲೂ ಎಷ್ಟು ಕಾಳಜಿ ನೋಡಿ. ನೀವೂ ಇದ್ದೀರಿ, ನನ್ನ ಕೈಗಡಿಯಾರ ನಿಂತು ಯಾವ ಕಾಲವಾಯ್ತು!"

"ನಾಳೇನೇ ಮಾಡ್ಕೊಡ್ತೀನಿ ಕಣೇ."

"ಏನ್ರೀ ಇಷ್ಟು ಮೆತ್ತಗೆ ಮಾತಾಡ್ತಿದ್ದೀರಿ? ಮೈ ಹುಷಾರಿಲ್ವಾ?"

"ಸ್ವಲ್ಪ ನೆಗಡಿ," ಎಂದೆ.

ಮಾತು ಕೊಟ್ಟಂತೆ ಮೆಕ್ಯಾನಿಕ್ ಕ್ಲಬ್ಬಿಗೆ ಬಂದರು. ಆನೆಯಂಥ ಆಳು, ಬೆರಳುಗಳು ಮಾತ್ರ ವೀಣೆ ನುಡಿಸುವವರ ಬೆರಳುಗಳು. ನನ್ನಾಕೆಯ ಪಿಸ್ತೂಲು ಬಿಚ್ಚಿ ಒಳಗೆ ಇಣುಕಿದರು, ಮೂಸಿದರು, ತಲೆ ಎತ್ತಿ ಸುತ್ತ ನಿಂತವರನ್ನೆಲ್ಲ ನೋಡುತ್ತ ಬಂದು ನನ್ನ ಬಲಗಣ್ಣಿನ ಬಳೆಗುರುತಿನ ಹತ್ತಿರ ನಿಂತುಬಿಟ್ಟರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಏನಾಗಿದೆ ಸರ್?" ಎಂದಳು ನನ್ನಾಕೆ.

"ಒಂದು ಸ್ಪ್ರಿಂಗು, ಒಂದು ಸ್ಕ್ರೂ ಹೊಸದು ಹಾಕ್ತೀನಿ ಮೇಡಂ. ಟ್ರಿಗರನ್ನೂ ನಿಮ್ಮ ಕೈಗೆ ಹೊಂದಿಸಿಕೊಡ್ತೀನಿ. ಬೇರೆಲ್ಲ ಬಹಳ ಚೊಕ್ಕಟವಾಗಿದೆ," ಎಂದರು ಅವರು. ಆ ಕೊನೆಯ ಮಾತು ನನಗೆ ಹೇಳಿದ್ದು. ಕಾಲಿಗೆ ಬೀಳಬೇಕೆನಿಸಿತು, ಜನ ಇದ್ದರೆಂದು ಸುಮ್ಮನಾದೆ.

ಆಯ್ಕೆಯ ದಿನ ನನ್ನಾಕೆ ಕೈ ಚಾಚಿ ನಿಂತಳು ನೋಡಿ, ಕಲ್ಲಿನಲ್ಲಿ ಕಡೆದ ಹಾಗಿತ್ತು ಆ ಕೈ. ಹಲ್ಲಿನ ಡಾಕ್ಟರಮ್ಮನೇ ಬಂದು ಅವಳನ್ನು ತಬ್ಬಿಕೊಂಡಾಗ ಗೆದ್ದವಳು ಇವಳೆಂದು ಗೊತ್ತಾಯಿತು. ನಾನು ಸಾರ್ವಜನಿಕವಾಗಿ ಗಳಗಳನೆ ಅತ್ತೆ, ಕರವಸ್ತ್ರವನ್ನು ಕ್ಲಬ್ಬಿನ ಕೋಚ್ ಕೊಟ್ಟರು.

ಎಲ್ಲರೂ ಕ್ಲಬ್ಬಿನ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ನನ್ನಾಕೆಗೆ ಫೋನ್ ಬಂತು. "ಕಂಪನಿಯವರು! ಎಲ್ಲರೂ ಕೇಳಿ, ಎಷ್ಟು ಚೆನ್ನಾಗಿ ಮಾತಾಡ್ತಾರೆ," ಎಂದು ಸ್ಪೀಕರ್ ಹಾಕಿದಳು. ಈ ಸಲ ಆ ಹೆಣ್ಣುಮಗಳಲ್ಲ, ಯಾರೋ ಬಿಗಿ ಧ್ವನಿಯ ಗಂಡಸು.

"ಗುಣಮಟ್ಟ ವಿಭಾಗದಿಂದ ಮಾತಾಡ್ತಿದ್ದೀನಿ. ನಮ್ಮ ಸೇವೆ ತೃಪ್ತಿಕರವಾಗಿತ್ತಾ ಮೇಡಂ?"

"ನೂರಕ್ಕೆ ನೂರು!"

"ಧನ್ಯವಾದ. ದಾಖಲೆಗೆ ಒಂದು ಖಾತ್ರಿ ಬೇಕಿತ್ತು. ನೀವು ದೂರು ಕೊಟ್ಟಾಗ ರೆಕಾರ್ಡ್ ಆದ ಧ್ವನಿ ಹಾಕ್ತೀನಿ, ಅದು ನಿಮ್ಮದೇನಾ ಹೇಳಿ. ನಿಮ್ಮದಲ್ಲ ಅಂದ್ರೆ ವಾರಂಟಿ ರದ್ದಾಗುತ್ತೆ."

"ದೂರಾ? ನಾನೆಲ್ಲಿ—"

ಅಷ್ಟರಲ್ಲಿ ಜಗಲಿಯ ತುಂಬ ನನ್ನ ಹಿಂಡಿದ ಕಂಠ ಮೊಳಗಿತು. "ಹಲೋ, ನಾನೇ ಕಣಮ್ಮಾ, ಪಿಸ್ತೂಲಿನ ಮಾಲೀಕಳು." ನೆಗಡಿ ಬಂತು, ಯಜಮಾನರು ಬಂದರು, ಅವರ ಬುದ್ಧಿವಂತಿಕೆಯೂ ಬಂತು. ಡಾಕ್ಟರಮ್ಮನ ಟೀ ಲೋಟ ಗಾಳಿಯಲ್ಲೇ ನಿಂತಿತು. ಕೋಚ್ ತಮ್ಮ ಕರವಸ್ತ್ರವನ್ನು ನನ್ನಿಂದ ವಾಪಸು ತೆಗೆದುಕೊಂಡು ಬಾಯಿಗೆ ತುರುಕಿಕೊಂಡರು. ನನ್ನಾಕೆ ಫೋನನ್ನು ನೋಡಿದಳು, ನಿಧಾನವಾಗಿ ನನ್ನ ಕಡೆ ತಿರುಗಿದಳು, ಎಡಗಣ್ಣನ್ನು ಸಣ್ಣಗೆ ಮಾಡಿದಳು. ಅದು ಅವಳು ಗುರಿ ಇಡುವ ಭಂಗಿ. ನಾನು ಅಲುಗಾಡಲಿಲ್ಲ.

"ಹೇಳಿ ಮೇಡಂ. ನಿಮ್ಮದೇನಾ?"

"ಹೌದು," ಎಂದಳು. "ನನ್ನದೇ. ಅವತ್ತು ನೆಗಡಿ ಇತ್ತು."

ಆ ಕ್ಷಣದಲ್ಲಿ ನಾನು ಅವಳಿಗೆ ಎಷ್ಟು ಋಣಿಯಾದೆನೆಂದರೆ, ಮತ್ತೆ ಅಳು ಬಂತು. ಇಂಥವಳನ್ನು ಕೊಟ್ಟ ಮಾವನವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಅಷ್ಟಕ್ಕೆ ಆ ಮನುಷ್ಯ ಫೋನ್ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

"ಕೊನೇದಾಗಿ ಮೇಡಂ. 'ಯಜಮಾನ್ರು ಬಹಳ ಬುದ್ಧಿವಂತರು, ಪಿಸ್ತೂಲು ಮುಟ್ಟೋದೇ ಇಲ್ಲ' ಅಂತ ಹೇಳಿಕೆ ಕೊಟ್ಟಿದ್ದೀರಿ. ದಾಖಲೆಯಲ್ಲಿ ಹಾಗೇ ಇರಲಾ, ತಿದ್ದುಪಡಿ ಏನಾದ್ರೂ ಇದೆಯಾ?"

ನನ್ನಾಕೆ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

"ಮೊದಲನೇದು ಹೊಡೆದುಹಾಕಿ," ಎಂದಳು. "ಎರಡನೇದು ಇವತ್ತಿಂದ ನಿಜ."