ನೆಪ್ಚೂನ್‌ಗೆ ಒಂದು ಬಸ್ಸು

ನಮ್ಮ ಕಾಕಾನಿಗೆ ಇಡೀ ಜಗತ್ತಿನ ವಿಜ್ಞಾನಿಗಳ ಮೇಲೆ ಸಿಟ್ಟು. ಕಾರಣವೇನು ಗೊತ್ತೇ? ನೆಪ್ಚೂನ್‌ಗೆ ಅವರು ಸರಿಯಾಗಿ ಗಾಡಿ ಬಿಟ್ಟಿಲ್ಲವಂತೆ! ನಗುತ್ತೀರಿ, ನಿಮಗೇನು? ಪ್ರತಿ ಶನಿವಾರ, ರವಿವಾರ ಕಾಕಾನ ಜೊತೆ ಕಳೆಯುವವಳು ನಾನು.

ಕಾಕಾ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಕುರ್ಚಿ ಬಿಟ್ಟರು, ಕಂಟ್ರೋಲು ಬಿಡಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ಸಾರಿಗೆ ಉಪ್ಪು ಹಾಕುವುದಕ್ಕೂ ಇವರ ವೇಳಾಪಟ್ಟಿ ಇದೆ. ನಾನು ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹುಡುಗಿಯರು ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಒಂದು ವಿಷಯ ಹಿಡಿದಿದ್ದರು: ಅತಿ ವೇಗದ ನೌಕೆಯೊಂದನ್ನು ಎಲ್ಲಿಗೆ ಕಳಿಸಬೇಕು, ಅದರಲ್ಲಿ ಏನೇನು ಇಡಬೇಕು? ಒಳಗಿಡುವ ಸಾಮಾನು ಮೂವತ್ತು ಕಿಲೋ ಮೀರಬಾರದು. ಸೋಮವಾರ ಬೆಳಿಗ್ಗೆ ಪಟ್ಟಿ ಕೊಡದಿದ್ದರೆ ಅವರ ಎರಡು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂಥ ಪಟ್ಟಿಯನ್ನು ತಿದ್ದಲೆಂದು ಸಿಂದಗಿಗೆ ಒಯ್ದೆನಲ್ಲ, ನನ್ನ ಬುದ್ಧಿಗಿಷ್ಟು!

"ಮಂಗಳಕ್ಕ ಬ್ಯಾಡ, ಅಲ್ಲಿಗೆ ಬೇಕಾದಷ್ಟ ಗಾಡಿ ಅದಾವ," ಎಂದರು ಕಾಕಾ.

"ಶುಕ್ರಕ್ಕ ಕಳಿಸೂಣೇನ್ರಿ?"

"ಭಾಳ ಸುಡತೈತಿ ಅಂತೀ. ನಮ್ಮ ಇಂಡಿ ಬ್ಯಾಸಗಿ ಸಾಕಾಗಿಲ್ಲೇನು?"

ನೆಪ್ಚೂನ್‌ಗೆ ಇಲ್ಲಿಯವರೆಗೆ ಒಂದೇ ನೌಕೆ ಹೋಗಿದೆ, ಅದೂ ನಿಲ್ಲದೆ ಪಕ್ಕದಿಂದ ದಾಟಿಹೋಯಿತು ಎಂದು ನಾನು ಹೇಳಿದ್ದೇ ತಡ, ಕಾಕಾನ ಮೂಗು ಕೆಂಪಾಯಿತು.

"ಒಂದ ಗಾಡಿ, ಅದೂ ನಿಂದರಲಾರದ್ದು? ಇಷ್ಟ ವರ್ಷ ಆ ಊರ ಮಂದಿ ಸುಮ್ನ ಕುಂತಾರೇನು?"

"ಅಲ್ಲಿ ಮಂದಿ ಇಲ್ರಿ ಕಾಕಾ."

"ಬಸ್ಸ ಇಲ್ಲಂದ್ರ ಮಂದಿ ಎಲ್ಲಿಂದ ಬರ್ತಾರ?"

ಇದಕ್ಕೆ ಯಾವ ವಿಜ್ಞಾನ ಉತ್ತರ ಕೊಡುತ್ತದೆ, ಹೇಳಿ? ಊರು ನೆಪ್ಚೂನ್ ಎಂದು ಖಾಯಂ ಆಯಿತು. ಇಷ್ಟು ವೇಗದಲ್ಲಿ ಹೋದರೆ ನಮ್ಮದೂ ಅಲ್ಲಿ ನಿಲ್ಲುವುದಿಲ್ಲ ಎಂದೆ. ಊಟದ ತನಕ ನನ್ನ ಜೊತೆ ಮಾತು ಬಿಟ್ಟರು.

ಊಟವಾದ ಮೇಲೆ ಕೆಂಪು ಪೆನ್ನು ಹಿಡಿದು ಸಾಮಾನಿನ ವಿಚಾರಣೆಗೆ ಕುಳಿತರು. ಧೂಳಿನ ಕಣ ಎಣಿಸುವ ಯಂತ್ರದ ಮೇಲೆ ಬೆರಳಿಟ್ಟು, "ಧೂಳ ಎಣಸಾಕ ಅಷ್ಟ ದೂರ ಯಾಕ? ಮುದ್ದೇಬಿಹಾಳ ರಸ್ತಾದಾಗ ನಿಂದ್ರು," ಎಂದು ಗೀಟು ಎಳೆದರು. ಶಾಖ ಅಳೆಯುವುದೂ ಹೋಯಿತು, ಕಾಂತಮಾಪಕವೂ ಹೋಯಿತು. ಕೊನೆಗೆ ಕ್ಯಾಮೆರಾವನ್ನೂ ಹೊಡೆದುಹಾಕಿ, ಭೂಮಿಗೆ ಸುದ್ದಿ ಕಳಿಸುವ ಆಂಟೆನಾದ ಮುಂದೆ ಮೂವತ್ತು ಕಿಲೋ ಎಂದು ಬರೆದರು. ನನ್ನ ಪಿತ್ತ ನೆತ್ತಿಗೇರಿತು.

"ಕಣ್ಣಿಲ್ಲದ್ದು ಅಲ್ಲಿ ಹೋಗಿ ಏನ ಮಾಡ್ತೈತ್ರಿ?"

"ಊರ ಮುಟ್ಟೈತೋ ಇಲ್ಲೋ ಅಂತ ಮೊದಲ ಹೇಳ್ಲಿ. ನೋಡೂದು ಆಮ್ಯಾಲ."

"ಇದು ನಿಮ್ಮ ಬಸ್‌ಸ್ಟ್ಯಾಂಡ್ ಅಲ್ರಿ. ನಮ್ಮ ಹುಡುಗ್ಯಾರ ಕೆಲಸ ಕೆಡಸಬ್ಯಾಡ್ರಿ."

ಕಾಕಾ ಪೆನ್ನಿನ ಮುಚ್ಚಳ ಹಾಕಿದರು. ನಾನು ಪಟ್ಟಿ ಕಸಿದುಕೊಂಡು, ಕಾಕು ಕಟ್ಟಿಟ್ಟ ರೊಟ್ಟಿ ಬುತ್ತಿಯನ್ನೂ ಬಿಟ್ಟು, ಸಂಜೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಲ್ಲು ಕಡಿದೆ. ವಯಸ್ಸಾದರೆ ಏನು ಮಾಡಿದರೂ ನಡೆಯುತ್ತದೆಯೇ?

ಬಾಗೇವಾಡಿಯಲ್ಲಿ ಇಳಿದಾಗ ಅಲ್ಲಿಯ ಕಂಟ್ರೋಲರ್ ಕಿಟಕಿಯಿಂದ ಕರೆದರು. "ಟೀಚರ್, ಇಳದ್ರಲ್ಲ? ನಿಮ್ಮ ಕಾಕಾಗ ಹೇಳಿಬಿಡತೇನಿ."

"ಏನ ಹೇಳ್ತೀರಿ?"

"ನೀವು ಮುಟ್ಟಿದ್ರಿ ಅಂತ. ಪ್ರತಿ ರವಿವಾರ ಫೋನ್ ಮಾಡಿ ಕೇಳ್ತಾರಲ್ರಿ. ನಿಮ್ಮನ್ನ ಕೇಳಿದ್ರ ನಿಮಗ ಸಿಟ್ಟ ಬರ್ತೈತಂತ."

ಬಾಗೇವಾಡಿಗೆ ಬಂದು ಆರು ವರ್ಷವಾಯಿತು. ಒಂದು ರವಿವಾರವೂ ನಾನಾಗಿ ಫೋನ್ ಮಾಡಿದವಳಲ್ಲ. ಈಗ ಸಿಟ್ಟು ಬಂತು, ನನ್ನ ಮೇಲೆಯೇ. ನಾಚಿಕೆಯೂ ಆಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತು ಪಟ್ಟಿ ಬಿಡಿಸಿದೆ. ಅರ್ಧ ತೂಕ ಕ್ಯಾಮೆರಾಕ್ಕೆ, ಅರ್ಧ ಆಂಟೆನಾಕ್ಕೆ ಎಂದು ಬರೆದೆ. ಹುಡುಗಿಯರಿಗೆ ಬೆಳಿಗ್ಗೆ ಕಾರಣ ಹೇಳಿದರಾಯಿತು. ಕಂಟ್ರೋಲರ್‌ಗೆ, "ನೀವು ಬ್ಯಾಡ್ರಿ, ನಾನ ಹೇಳತೇನಿ," ಎಂದೆ.

ಕಾಕಾ ಮೊದಲ ರಿಂಗಿಗೇ ಎತ್ತಿದರು.

"ಕಾಕಾ, ಮುಟ್ಟಿದ್ನಿ."

"ಗಾಡಿ ಹನ್ನೆರಡು ನಿಮಿಷ ಲೇಟ್ ಐತಿ," ಎಂದು ಬೈದರು.