ಎಂಟು ಪೆಟ್ಟಿಗೆ, ಒಂದೇ ಗಾಳಿ

ಬೋ-ಶುನ್‌ನ ಗ್ರಹಚಾರ ಶುರುವಾದದ್ದು ಲ್ಯಾಬಿನ ಕಿರಿಯ ಜೊತೆಗಾತಿ ಪೈ-ರುಂಗ್ ಕೇಳಿದ ಒಂದು ಪ್ರಶ್ನೆಯಿಂದ.

"ಅಣ್ಣಾ, ನಿನ್ ಟೀಗೆ ಸಕ್ಕರೆ ಅರ್ಧವೋ, ಕಾಲೋ? ಐಸ್ ಬೇಕಾ?"

ಶಿಂಚು ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪರೀಕ್ಷೆಗೆ ನಿಲ್ಲುವವನೇ ಪರೀಕ್ಷಕರಿಗೂ ನೋಡಲು ಬಂದವರಿಗೂ ತಣ್ಣನೆ ಟೀ ಕುಡಿಸಬೇಕು. ಬೋ-ಶುನ್‌ಗೆ ಇದು ಏಳನೆಯ ವರ್ಷ, ಕೊನೆಯ ಅವಕಾಶ. ಇಂದು ಪಾಸಾಗದಿದ್ದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸುತ್ತಾರೆ. ಅಂಥವನಿಗೆ ಸಕ್ಕರೆಯ ಚಿಂತೆ ಎಲ್ಲಿಂದ ಬರಬೇಕು?

"ಏನಾದ್ರೂ ಹಾಕ್ಸೇ ಮಾರಾಯ್ತಿ!"

ಕಾರಿಡಾರಿನಲ್ಲಿ ಎಂಟು ರೇಡಿಯೋ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಮೊದಲನೆಯದು ಕಳಿಸಿದ ವಿಡಿಯೋವನ್ನು ತುಂಡುತುಂಡಾಗಿ ಕೈಯಿಂದ ಕೈಗೆ ದಾಟಿಸಿ ಎಂಟನೆಯದಕ್ಕೆ ಮುಟ್ಟಿಸಬೇಕು. 'ಬಂತು' ಎಂಬ ರಸೀದಿಯೂ ಅದೇ ದಾರಿಯಲ್ಲಿ ಹಿಂದಿರುಗಬೇಕು. ತಂತಿಯಿಲ್ಲ, ಎಲ್ಲಕ್ಕೂ ಒಂದೇ ಗಾಳಿ. ಒಂದು ಮಾತಾಡಿದರೆ ಅಕ್ಕಪಕ್ಕದವು ಬಾಯಿ ಮುಚ್ಚಿಕೊಂಡಿರಬೇಕು, ಎರಡು ಒಟ್ಟಿಗೆ ಬಾಯಿಬಿಟ್ಟರೆ ಎರಡೂ ಹಾಳು. ರಸೀದಿ ಬರದಿದ್ದರೆ ಕಳಿಸುವ ಪೆಟ್ಟಿಗೆ ದಾರಿ ಕಟ್ಟಿದೆಯೆಂದು ಕೈಚೆಲ್ಲುತ್ತದೆ. ಗಾಳಿಯಲ್ಲಿನ ಗದ್ದಲ ನೋಡಿ, ಒಂದು ಸಲಕ್ಕೆ ಎಷ್ಟು ತುಂಡು ಕಳಿಸಬೇಕೆಂದು ಹೇಳುವ ಪ್ರೋಗ್ರಾಂ ಬರೆಯುವುದರಲ್ಲೇ ಬೋ-ಶುನ್‌ನ ಏಳು ವರ್ಷ ಕಳೆದಿತ್ತು.

ಮೂರು ಗಂಟೆಗೆ ಪರೀಕ್ಷಕಿ ಪ್ರೊಫೆಸರ್ ಶ್ಯಾವ್ ಬಂದು ಕೂತರು. ವಿಡಿಯೋ ಶುರುವಾಯಿತು. ಪರದೆಯ ಮೇಲೆ ಬಾತುಕೋಳಿಯೊಂದು ಒಂದು ಕಾಲೆತ್ತಿ, ಹಾಗೆಯೇ ನಿಂತುಬಿಟ್ಟಿತು.

ಬೋ-ಶುನ್ ತಿರುಗಿ ನೋಡಿದ. ನೋಡಲು ಬಂದ ಇಪ್ಪತ್ತು ಜನ ತಲೆ ತಗ್ಗಿಸಿ, ಅದೇ ಗಾಳಿಯಲ್ಲಿ ಫೋನ್ ಒತ್ತಿ ಟೀ ಆರ್ಡರ್ ಮಾಡುತ್ತಿದ್ದರು.

"ಕಾಲು ಸಕ್ಕರೆ ಯಾರ್ದು?"

"ನಂದು! ಬೇಡ ಬೇಡ, ಅರ್ಧ ಮಾಡು!"

"ಫೋನ್ ಆಫ್ ಮಾಡ್ರೋ!" ಬೋ-ಶುನ್ ಪಿಸುಗುಟ್ಟಿದ.

"ತಡಿ ಅಣ್ಣಾ, ಪರೀಕ್ಷಕರ ಟೀನೂ ಇದ್ರಲ್ಲೇ ಇದೆ," ಎಂದಳು ಪೈ-ರುಂಗ್. "ನೀನು ಒಂದೇ ಸಲಕ್ಕೆ ಜಾಸ್ತಿ ಕಳ್ಸು, ನುಗ್ಕೊಂಡ್ ಹೋಗತ್ತೆ!"

ಬುದ್ಧಿಗೆಟ್ಟು ಹಾಗೆಯೇ ಮಾಡಿದ. ಬಾತುಕೋಳಿಯೇ ಮಾಯವಾಯಿತು. ಮೂರನೆಯ ಪೆಟ್ಟಿಗೆ ಏಳು ಸಲ ಕೂಗಿ, ಉತ್ತರ ಬಾರದೆ, ಪಕ್ಕದಲ್ಲೇ ದೀಪ ಮಿನುಗಿಸುತ್ತ ಕೂತಿದ್ದ ನಾಲ್ಕನೆಯದು ಸತ್ತಿತೆಂದು ತೀರ್ಮಾನಿಸಿತ್ತು. ಅವನ ಮರ್ಯಾದಸ್ಥ ಪ್ರೋಗ್ರಾಂ ಮಾತ್ರ ಗದ್ದಲಕ್ಕೆ ಹೆದರಿ ಪೂರ್ತಿ ಸುಮ್ಮನಾಗಿತ್ತು.

ಪ್ರೊಫೆಸರ್ ಏನೋ ಬರೆದುಕೊಳ್ಳಲು ತಲೆ ಬಗ್ಗಿಸಿದರು. ಬೋ-ಶುನ್ ತನ್ನ ಪ್ರೋಗ್ರಾಂ ಆಫ್ ಮಾಡಿ, ಕೈಯಾರೆ 'ಸಲಕ್ಕೆ ಎರಡೇ ತುಂಡು' ಎಂದು ಒತ್ತಿದ. ಬಾತುಕೋಳಿ ಮತ್ತೆ ಬಂತು, ಕುಂಟುತ್ತ ಕೆರೆ ಸೇರಿತು.

"ಭೇಷ್! ನಿನ್ ಪ್ರೋಗ್ರಾಂ ಕೆಲ್ಸ ಮಾಡ್ತು," ಎಂದರು ಪ್ರೊಫೆಸರ್. "ಈಗ ಅದನ್ನ ಆಫ್ ಮಾಡಿ ಇನ್ನೊಂದ್ಸಲ ತೋರ್ಸು. ವ್ಯತ್ಯಾಸ ಗೊತ್ತಾಗ್ಬೇಕಲ್ಲ."

ಆಫ್ ಆಗಿರುವುದನ್ನು ಮತ್ತೆ ಆಫ್ ಮಾಡುವುದು ಹೇಗೆ? ಮರುಕ್ಷಣವೇ ಉಪಾಯ ಹೊಳೆಯಿತು. ಆನ್ ಮಾಡಿ, ಆಫ್ ಮಾಡಿದೆ ಎಂದರಾಯಿತು! ಈ ಗದ್ದಲದಲ್ಲಿ ವಿಡಿಯೋ ಹೇಗೂ ನಿಂತುಹೋಗುತ್ತದೆ, ವ್ಯತ್ಯಾಸ ಕಾಣುತ್ತದೆ, ಪಿಎಚ್‌ಡಿ ಕೈಗೆ ಬರುತ್ತದೆ. ನಾಚಿಕೆಯೇನೋ ಆಯಿತು. ಆದರೆ ಏಳು ವರ್ಷ!

"ಆಫ್ ಮಾಡ್ದೆ ಮೇಡಂ," ಎಂದು ಆನ್ ಮಾಡಿದ.

ಅಷ್ಟರಲ್ಲಿ ಪೈ-ರುಂಗ್ ಕೂಗಿದಳು. "ಟೀ ಗೇಟಿಗೆ ಬಂತು! ಎಲ್ರೂ ಬನ್ನಿ, ನನ್ನೊಬ್ಳ ಕೈಲಿ ಹೊರಕ್ಕಾಗಲ್ಲ!"

ಇಪ್ಪತ್ತು ಜನವೂ ಇಪ್ಪತ್ತು ಫೋನುಗಳೂ ದಡದಡನೆ ಮೆಟ್ಟಿಲಿಳಿದವು. ಗಾಳಿ ಖಾಲಿಯಾಯಿತು.

ಬಾತುಕೋಳಿ ಒಂದೊಂದು ಗರಿಯೂ ಕಾಣುವಂತೆ ನಡೆದುಬಂತು. ಹಿಂದೆಯೇ ಅದರ ಮರಿಗಳು. ಎಲ್ಲೂ ತಡೆಯಿಲ್ಲ. ಏಳು ವರ್ಷ ಕನಸು ಕಂಡಂತೆಯೇ ಪ್ರೋಗ್ರಾಂ ಓಡುತ್ತಿತ್ತು. ಬೋ-ಶುನ್‌ಗೆ ಕುಣಿಯುವಷ್ಟು ಖುಷಿಯೂ, ಗೊಳೋ ಎಂದು ಅಳುವಷ್ಟು ಸಂಕಟವೂ ಒಟ್ಟಿಗೇ ಆಯಿತು. ಇದು ಆನ್ ಆಗಿದೆ ಎನ್ನೋಣವೆಂದರೆ, ಈಗತಾನೆ ಹೇಳಿದ ಸುಳ್ಳನ್ನೂ ಒಪ್ಪಿಕೊಳ್ಳಬೇಕು.

ಪ್ರೊಫೆಸರ್ ಶ್ಯಾವ್ ಕನ್ನಡಕ ತೆಗೆದರು.

"ಆಫ್ ಮಾಡಿದ್ಮೇಲೇ ಇಷ್ಟು ಚೆನ್ನಾಗಿ ಓಡ್ತಿದೆಯಲ್ಲಪ್ಪಾ! ಮತ್ತೆ ಏಳು ವರ್ಷ ನೀನು ಕಡ್ದು ಕಟ್ಟೆ ಹಾಕಿದ್ದೇನು?"